ಐವತ್ತೈದು ನಿಮಿಷದ ದಾರಿ

ವಿಜಯವಾಡ,
೧೪ ಸೆಪ್ಟೆಂಬರ್ ೧೯೮೮

ಚಿ. ಬಾಲಚಂದ್ರನಿಗೆ ಅಕ್ಕನ ಆಶೀರ್ವಾದ. ರೂಢಿ ಬಿಡಬಾರದೆಂದು ಈ ಸಾಲು ಬರೆದಿದ್ದೇನೆ, ಮನಸ್ಸಿನಿಂದಲ್ಲ.

ನಿನ್ನ ಕಾಗದ ಬಂತು. ಮೂರು ಹಾಳೆ! ವಿಶಾಖಪಟ್ಟಣದಿಂದ ನಮ್ಮ ಗನ್ನವರಂ ವಿಮಾನ ನಿಲ್ದಾಣಕ್ಕೆ ಗಾಳಿಯಲ್ಲಿ ಇನ್ನೂರ ತೊಂಬತ್ತು ಕಿಲೋಮೀಟರ್, ಹಾರಲು ಐವತ್ತೈದು ನಿಮಿಷ, ಅಲ್ಲಿಂದ ಬೆಂಜ್ ಸರ್ಕಲ್ಲಿನ ಮನೆಗೆ ಅರ್ಧ ಗಂಟೆ. ಮಳೆ ಬಂದರೆ ನಾನೇನು ಮಾಡಲಿ ಎಂದು ಕೇಳಿದ್ದೀಯ. ಓದುತ್ತಾ ಓದುತ್ತಾ ವಾಕರಿಕೆ ಬಂತು ಕಣೋ. ಅಪ್ಪ ಹೋಗಿ ತಿಂಗಳಾಗಿಲ್ಲ, ಎಂಜಿನಿಯರ್ ಸಾಹೇಬರಿಗೆ ತಮ್ಮ ಲೆಕ್ಕ ತಪ್ಪಿಲ್ಲವೆಂದು ತೋರಿಸುವ ಚಟ.

ಆ ಮಂಗಳವಾರ ಬೆಳಿಗ್ಗೆ ಡಾಕ್ಟರು ಕೈಚೆಲ್ಲಿ ಅಪ್ಪನನ್ನು ಮನೆಗೆ ಕಳಿಸಿದರು. ನಿನ್ನ ಭಾವ ಬ್ಯಾಂಕಿನಿಂದ ಫೋನ್ ಮಾಡಿ, ಸಿಕ್ಕಿದ ರೈಲು ಹತ್ತಿಬಿಡು, ಏಳು ಗಂಟೆಯಲ್ಲಿ ಇಲ್ಲಿರುತ್ತೀಯ ಎಂದು ಬೇಡಿಕೊಂಡರು. ನೀನು ನಕ್ಕೆಯಂತೆ. ರೈಲಿನಲ್ಲಿ ಯಾರು ಕೂರುತ್ತಾರೆ ಭಾವ, ವಿಮಾನದಲ್ಲಿ ಊಟದ ಹೊತ್ತಿಗೇ ಬರುತ್ತೇನೆ ಎಂದೆಯಂತೆ. ಮಳೆಗೆ ಆ ವಿಮಾನ ಹಾರಲಿಲ್ಲ. ನಾಳೆ ಎಂದರು, ನೀನು ಕಾದೆ. ಬುಧವಾರವೂ ಇಡೀ ದಿನ ಅಲ್ಲೇ ಕುರ್ಚಿ ಬಿಸಿ ಮಾಡಿದೆ. ಅಷ್ಟರಲ್ಲಿ ಎಷ್ಟು ರೈಲು ಬಂದುಹೋದವೋ!

ಇಲ್ಲಿ ಅಪ್ಪನ ತಲೆದೆಸೆಯಲ್ಲಿ ಕಾಶಿಯ ಗಂಗೆ. ಮುಚ್ಚಳಕ್ಕೆ ಬೆಸುಗೆ ಹಾಕಿದ ಆ ಪುಟ್ಟ ತಾಮ್ರದ ಗಿಂಡಿ, ಇಪ್ಪತ್ತು ವರ್ಷ ದೇವರ ಗೂಡಿನಲ್ಲಿತ್ತಲ್ಲ, ಅದೇ. ಕೊನೆಗಾಲಕ್ಕೆ ಮಗನ ಕೈಯಿಂದಲೇ ಎರಡು ಹನಿ ಬೀಳಬೇಕೆಂದು ಅವರ ಹಟ. ನಾನು ಬಿಡಲೇ ಎಂದಾಗಲೆಲ್ಲ ಬೇಡವೆಂದು ತಲೆಯಾಡಿಸುತ್ತಿದ್ದರು. ಬಾಲು ಬಂದ್ನೇನೇ, ಬಾಲು ಬಂದ್ನೇನೇ ಅಂತ ಒಂದೇ ಸಮ. ಪಕ್ಕದ ಮನೆಯ ಹೈಮಾವತಿಯವರಿಗೆ ಕನ್ನಡ ಬಾರದಿದ್ದರೂ ಅದು ಅರ್ಥವಾಗಿ, ವಸ್ತಾಡು ಬಾಬಾಯಿಗಾರೂ, ವಸ್ತಾಡು ಎಂದು, ನೀನು ಬಂದೇ ಬರುತ್ತೀಯೆಂದು ತೆಲುಗಿನಲ್ಲೇ ಧೈರ್ಯ ಹೇಳುತ್ತಾ ಕಾಲು ಒತ್ತುತ್ತಿದ್ದರು.

ನೀನು ಬಂದದ್ದು ಗುರುವಾರ. ಅದೂ ವಿಮಾನದಲ್ಲೇ! ಅಪ್ಪನನ್ನು ಐಸಿನ ಮೇಲೆ ಮಲಗಿಸಿ ಆಗಲೇ ಒಂದು ರಾತ್ರಿ ಕಳೆದಿತ್ತು.

ಹೋಗಲಿ, ವೈಕುಂಠ ಸಮಾರಾಧನೆಯ ದಿನವಾದರೂ ಬಾಯಿ ಮುಚ್ಚಿಕೊಂಡಿದ್ದೆಯಾ? ಎಲೆಯಲ್ಲಿ ಉಳಿದ ಸಾರಿಗೆ ಬೆರಳು ಅದ್ದಿ, ಇದು ವೈಜಾಗ್, ಇದು ಗನ್ನವರಂ, ನೆಟ್ಟಗೆ ಒಂದೇ ಗೆರೆ ಎಂದು ನೆಂಟರಿಗೆ ಪಾಠ ಹೇಳಿದೆ. ಥೂ! ಕೈಯಲ್ಲಿದ್ದ ಸೌಟಿನಿಂದ ನಿನ್ನ ತಲೆಗೆ ಹಾಕಬೇಕೆನ್ನಿಸಿತು. ಹುಳಿ ಬಡಿಸಿ ಮುಂದಕ್ಕೆ ಹೋದೆ.

ಮೂರನೇ ಹಾಳೆಯ ತುದಿಯಲ್ಲಿ, ಜಾಗ ಮಿಕ್ಕಿತೆಂದೇನೋ, ಅಪ್ಪನಿಗೆ ಗಂಗೆ ಯಾರು ಬಿಟ್ಟರು ಎಂದು ಕೇಳಿದ್ದೀಯ. ನಿನಗೆ ಹೇಳಲು ನನಗಿಷ್ಟವಿಲ್ಲ. ವರ್ಷದ ಕಾರ್ಯಕ್ಕೆ ಬಾ, ರೈಲಿನಲ್ಲಿ ಬಾ.

ನಿನ್ನ ಮುಖ ನೋಡಲು ಸದ್ಯಕ್ಕೆ ಮನಸ್ಸಿಲ್ಲದ ಅಕ್ಕ,
ದಾಕ್ಷಾಯಣಿ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಲಕೋಟೆಗೆ ಅಂಟು ಹಾಕಲು ಹೋದೆ, ಮನಸ್ಸು ತಡೆಯಲಿಲ್ಲ. ಬುಧವಾರ ಸಂಜೆ ಅಪ್ಪನಿಗೆ ಮೇಲುಸಿರು ಹತ್ತಿತು. ನಿನ್ನ ಭಾವ ನಿನಗೆ ಫೋನ್ ಮಾಡಲು ಹೋಗಿದ್ದರು. ವಿಮಾನ ಇಳಿಯಿತಪ್ಪಾ, ಬಾಲು ಬಂದ ಎಂದು ಸುಳ್ಳು ಹೇಳಿದೆ. ಸದ್ದಾದೀತೆಂದು ಬಳೆಗಳನ್ನೆಲ್ಲ ತೆಗೆದಿಟ್ಟು, ಗಿಂಡಿ ಒಡೆದು, ಗಂಗೆ ಬಿಟ್ಟೆ. ಅವರಿಗೆ ಕಣ್ಣು ಬಿಡಲಾಗಲಿಲ್ಲ. ನನ್ನ ಕೈ ಹಿಡಿದುಕೊಂಡು, ಇಷ್ಟು ಬೇಗ ಬಂದ್ಯಲ್ಲೋ ಅಂದರು.