ತಲೆ ತಗ್ಗಿಸದ ಗೋಲು

ಕೋಪದಲ್ಲಿರುವ ತಾತನಿಗೆ,

ಭಾನುವಾರ ಥಾರ್ನ್‌ಬಿ ಮೈದಾನದಲ್ಲಿ, ನಿನ್ನ ಥಾರ್ನ್‌ಬಿಯ ವಿರುದ್ಧವೇ, ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆಕೊಟ್ಟು ಗೋಲು ಹೊಡೆದವಳು ನಾನು. ಆಮೇಲೆ ಎರಡೂ ಕೈ ಚಾಚಿ, ಕಿರುಚುತ್ತ, ನೀನು ಕೂತಿದ್ದ ಸ್ಟ್ಯಾಂಡಿನ ಮುಂದೆಯೇ ಓಡಿದವಳೂ ನಾನೇ. ನೀನು ಎದ್ದು, ಕೆಂಪು ಸ್ಕಾರ್ಫ್ ಬಿಗಿಮಾಡಿಕೊಂಡು, ಆಟ ಮುಗಿಯುವ ಮೊದಲೇ ಹೊರಟುಹೋದದ್ದನ್ನು ನೋಡಿದೆ. ಫೋನ್ ಮಾಡಿದರೆ ನನ್ನ ದನಿ ಕೇಳಿ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

"ತಪ್ಪಾಯ್ತು ಅಂದ್ಬಿಡೇ ಟಿಲ್ಲಿ, ಮುದುಕ ಸರಿಯಾಗಿ ಊಟಾನೂ ಮಾಡ್ತಿಲ್ಲ" ಎಂದಳು ಅಮ್ಮ. ತಾತ, ನನ್ನಿಂದ ತಪ್ಪಾಗಿಲ್ಲ. ಊಟ ಮಾಡು.

ಹಳೆಯ ಕ್ಲಬ್ಬಿನ ವಿರುದ್ಧ ಗೋಲು ಹೊಡೆದವರು ಕುಣಿಯಬಾರದು, ಕ್ಷಮೆ ಕೇಳುವವರಂತೆ ಕೈ ಎತ್ತಿ ಸುಮ್ಮನೆ ನಡೆದುಬರಬೇಕು ಎಂಬ ರೂಢಿಯನ್ನು ನನಗೆ ಹೇಳಿಕೊಟ್ಟದ್ದೇ ನೀನು. "ಉಂಡ ಮನೆ ಪುಟ್ಟಿ, ಅಲ್ಲಿ ಮೆರೀಬಾರ್ದು" ಎನ್ನುತ್ತಿದ್ದೆ. ಒಪ್ಪುತ್ತೇನೆ. ಆದರೆ ಆ ರೂಢಿ ಬಿಟ್ಟುಹೋದವರಿಗೆ. ನಾನು ಬಿಟ್ಟುಹೋಗಲಿಲ್ಲ.

ಎಂಟನೇ ವಯಸ್ಸಿನಿಂದ ಥಾರ್ನ್‌ಬಿಯ ಕೆಂಪು ಅಂಗಿ ಹಾಕಿದೆ. ನನಗೆ ಹದಿನಾರಾದಾಗ, ಗಂಡಸರ ತಂಡ ಕೆಳಗಿನ ಲೀಗಿಗೆ ಬಿದ್ದ ಬೇಸಿಗೆಯಲ್ಲಿ, ಕ್ಲಬ್ಬು ಹುಡುಗಿಯರ ತಂಡವನ್ನೇ ಮುಚ್ಚಿತು. ನಮ್ಮನ್ನು ಕಾರ್ ಪಾರ್ಕಿನಲ್ಲಿ ನಿಲ್ಲಿಸಿ ವಿಷಯ ಹೇಳಿ, ಮನೆಗೆ ಕಳಿಸಿದರು. ಬೂಟು ಕೈಯಲ್ಲಿ ಹಿಡಿದು ನೇರ ನಿನ್ನ ಮನೆಗೆ ಬಂದೆ. ನೀನು ಟೀ ಕೊಟ್ಟು, "ಕ್ಲಬ್ಬಿಗೂ ಕಷ್ಟ ಇದೆ ಕಣೇ, ಅರ್ಥ ಮಾಡ್ಕೋ. ನೆಟ್‌ಬಾಲ್ ಆಡು, ಹುಡುಗೀರಿಗೆ ಅದೂ ಚೆನ್ನಾಗಿರತ್ತೆ" ಎಂದೆ. ಅದೇ ವಾರ ನೀನು ಗಂಡಸರ ಪಂದ್ಯಗಳಿಗೆ ಮುಂದಿನ ವರ್ಷದ ಸೀಸನ್ ಟಿಕೆಟ್ ಕೊಂಡೆ.

ಆಗ ಕರೆದದ್ದು ಗುಡ್ಡದಾಚೆಯ ಕಾಲ್ಡರ್‌ಶಾ ಕ್ಲಬ್ಬು ಒಂದೇ. ಹೌದು, ನೀಲಿಯವರು. ನಿನ್ನ ಮನೆಯಲ್ಲಿ ಆ ಬಣ್ಣದ ಟವೆಲ್ಲನ್ನೂ ಇಟ್ಟುಕೊಳ್ಳುವಂತಿಲ್ಲ, ಗೊತ್ತು. ಎರಡು ಬಸ್ಸು ಬದಲಿಸಿ ಹೋದೆ. ಮೊದಲ ದಿನ ಮರೆತು ಹಳೆಯ ಕೆಂಪು ಸಾಕ್ಸನ್ನೇ ಹಾಕಿಕೊಂಡಿದ್ದೆ. ಗೋಲ್‌ಕೀಪರ್ ಶಾನ್ ನೋಡಿ, "ಏಯ್ ಥಾರ್ನ್‌ಬಿ ಮಹಾರಾಣಿ! ಅದನ್ನ ನೀನೇ ಬಿಚ್ತೀಯೋ, ಇಲ್ಲಾ ಕಾಲು ಸಮೇತ ಕತ್ತರಿಸ್ಲೋ?" ಎಂದಳು. ಎಲ್ಲರೂ ಬಿದ್ದುಬಿದ್ದು ನಕ್ಕರು. ಆಮೇಲೆ ತನ್ನ ಚೀಲದಿಂದ ಒಂದು ಜೊತೆ ನೀಲಿ ಸಾಕ್ಸ್ ತೆಗೆದು ನನ್ನ ಮುಖಕ್ಕೆಸೆದಳು. ಒಗೆದದ್ದಾಗಿರಲಿಲ್ಲ. ಹಾಕಿಕೊಂಡೆ.

ಬೆಳಗ್ಗೆ ಬೇಕರಿ ಕೆಲಸ, ಸಂಜೆ ಕೆಸರಿನಲ್ಲಿ ಅಭ್ಯಾಸ. ಒಂದಿಡೀ ಚಳಿಗಾಲ ಬೆಂಚಿನ ಮೇಲೆ ಕೂತೆ. ಈಗ ಹತ್ತೊಂಬತ್ತಕ್ಕೆ ತಂಡದ ಸೆಂಟರ್ ಹಾಫ್, ರಕ್ಷಣೆಯ ನಡುಗಂಬ. ಇದ್ಯಾವುದನ್ನೂ ನೋಡಲು ನೀನು ಗುಡ್ಡ ದಾಟಲಿಲ್ಲ.

ಹೆಂಗಸರ ಆಟಕ್ಕೆ ಈಗ ಜನ ಸೇರುತ್ತಾರೆಂದು ಥಾರ್ನ್‌ಬಿ ಮತ್ತೆ ತಂಡ ಕಟ್ಟಿದೆ. ಒಳ್ಳೆಯದೇ. ಆ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನನ್ನನ್ನು ಹೊರಗೆ ಹಾಕಿದವರ ಅಂಗಳದಲ್ಲಿ ತಲೆ ತಗ್ಗಿಸಿ ನಡೆಯಲಾರೆ. ಮತ್ತೆ ಹೊಡೆದರೆ ಮತ್ತೆ ಓಡುತ್ತೇನೆ.

ನನಗೆ ನೋವಾದದ್ದು ಒಂದೇ. ನಾನು ಚಿಕ್ಕವಳಿದ್ದಾಗ ನಿನ್ನ ಗಂಡಸರ ತಂಡದ ಸ್ಟ್ರೈಕರ್ ಒಬ್ಬ ನೀಲಿಯವರ ಕಡೆ ಸೇರಿ ಆಡಲು ಬಂದಿದ್ದ. ನೀನು ಬೆಂಚಿನ ಮೇಲೆ ಹತ್ತಿ ನಿಂತು, "ಥೂ ದ್ರೋಹಿ! ಯಾವ ಮುಖ ಹೊತ್ಕೊಂಡು ಬಂದ್ಯೋ?" ಎಂದು ದನಿ ಬೀಳುವವರೆಗೆ ಕೂಗಿದೆ. ಭಾನುವಾರ ನೀನು ನನ್ನನ್ನು ಮಾತ್ರ ಒಂದು ಮಾತೂ ಬೈಯಲಿಲ್ಲ. ಎದುರಾಳಿ ತಂಡದ ಆಟಗಾರ್ತಿ ಎಂದು ಎಣಿಸದೆ, ಅಡುಗೆಮನೆಯಲ್ಲಿ ತಟ್ಟೆ ಒಡೆದ ಮಗುವಿನ ಮೇಲೆ ಮುನಿಸಿಕೊಂಡವನಂತೆ ಎದ್ದುಹೋದೆ.

ಮುಂದಿನ ತಿಂಗಳು ಲೀಗ್ ಪಂದ್ಯಕ್ಕೆ ಥಾರ್ನ್‌ಬಿ ನಮ್ಮಲ್ಲಿಗೆ ಬರುತ್ತದೆ. ನೀನೂ ಬಾ. ಕೆಂಪಿನವರ ನಡುವೆ ನಿಂತು, ಆ ಸ್ಟ್ರೈಕರನನ್ನು ಬೈದಷ್ಟೇ ಜೋರಾಗಿ ನನ್ನನ್ನು ಬೈ. ಆಟ ಮುಗಿಯುವವರೆಗೂ ಬೈ.

ನಿನ್ನ ಗಂಟಲು ಗಟ್ಟಿಯಾಗಿರಲಿ.

ನಿನ್ನ ಮೊಮ್ಮಗಳು,
ಕಾಲ್ಡರ್‌ಶಾ ತಂಡದ ಐದನೇ ನಂಬರ್,
ಟಿಲ್ಲಿ ಅಕ್ರಾಯ್ಡ್