ಸೇಡಂನ ವಿಠ್ಠಲ್ ಎಂಬ ಹುಡುಗ

ಶಹಾಬಾದ
೧೪ ಫೆಬ್ರವರಿ ೨೦೦೭

ಮಹೆಕ್‌ಗೆ,

ನಿನ್ನ ಪವಮಾನ ಸರ್ ಮಾಡುವ ಆಶೀರ್ವಾದಗಳು. ಹೀಗೆ ಬರೆಯುವ ಯೋಗ್ಯತೆ ಇನ್ನೂ ಉಳಿದಿದೆಯೋ ಇಲ್ಲವೋ, ಪತ್ರ ಓದಿ ಮುಗಿಸಿದ ಮೇಲೆ ನೀನೇ ಹೇಳಬೇಕು. ಇಲ್ಲಿ ನಾವು ಕ್ಷೇಮ. ಚಿಂಚೋಳಿಯಲ್ಲಿ ನೀನು, ನಿನ್ನ ಯಜಮಾನರು ಸುಖವಾಗಿದ್ದೀರೆಂದು ನಂಬಿದ್ದೇನೆ.

ಕಂಪ್ಯೂಟರ್ ಕಲಿಸುವವನು ಕಾಗದ ಬರೆಯುತ್ತಾನಲ್ಲ ಎಂದು ನಿನಗೆ ನಗು ಬಂದೀತು. ಇ-ಮೇಲಿನಲ್ಲಿ ನಿನಗೆ ಹೇಳಿದ ಸುಳ್ಳು ಈಗಾಗಲೇ ಸಾಕಷ್ಟಾಗಿದೆ. ಅದಕ್ಕೆ ಈ ಸಲ ಕೈಯಿಂದಲೇ ಬರೆಯುತ್ತಿದ್ದೇನೆ.

ಹೋದ ರಮಜಾನ್ ಹಬ್ಬಕ್ಕೆ ತವರಿಗೆ ಬಂದ ನೀನು ಶೀರ್ ಖುರ್ಮಾ ಪಾಯಸದ ಡಬ್ಬಿ ಹಿಡಿದು ನನ್ನ ಕಂಪ್ಯೂಟರ್ ಕ್ಲಾಸಿಗೆ ಬಂದಿದ್ದೆ. ಹುಡುಗರಿಗೆಲ್ಲ ಹಂಚಿದೆ. ಆಗ ನಾನು ಬೋರ್ಡಿನ ಮೇಲೆ ಸೇಡಂ ದಾಲ್ ಮಿಲ್ ಮಾಲೀಕರ ಸಂಘಕ್ಕೆ ಮಾಡಬೇಕಾದ ಜಾಲತಾಣವನ್ನು ವಿವರಿಸುತ್ತಿದ್ದೆ. ಸೇಡಂ, ಚಿತ್ತಾಪುರ, ಚಿಂಚೋಳಿಯ ವ್ಯಾಪಾರಿಗಳು ಕುಳಿತಲ್ಲಿಂದಲೇ ತೊಗರಿಯ ದರ ನೋಡಬೇಕು, ದರ ಬದಲಾದ ತಕ್ಷಣ ಅವರ ಪರದೆಯ ಮೇಲೂ ಬದಲಾಗಬೇಕು. ಎಲ್ಲವನ್ನೂ ನಿನಗೂ ನಾನೇ ಕಲಿಸಿದ್ದ ಅಪಾಚಿ ಎಂಬ ಸರ್ವರ್ ತಂತ್ರಾಂಶದ ಮೇಲೆಯೇ ಮಾಡುವುದೆಂದು ನಾನು ಹೇಳಿದೆ. ನೀನು ಮೆಲ್ಲಗೆ, "ಸರ್, ದರದ ಪುಟಕ್ಕ ಅಪಾಚಿ ತಡಿಯಂಗಿಲ್ಲ ಅನಸ್ತದರಿ. ಇವೆಂಟ್ ಲೈಬ್ರರಿ ಅಂತ ಹೊಸಾದು ಬಂದದ, ಅದೊಂದಕ್ಕ ಅದನ್ನ ನೋಡಬಹುದಲ್ರಿ?" ಅಂದೆ.

ಅದಕ್ಕೆ ನಾನು ಕೊಟ್ಟ ಉತ್ತರ ನಿನಗೆ ಮರೆತಿರಲಿಕ್ಕಿಲ್ಲ. "ಕೂಡ್ಲಿಕ್ಕೆ ಕಲಿಸಿದವರಿಗೇ ನಿಂದರ್ಲಿಕ್ಕೆ ಕಲಿಸ್ತಿ ಏನವಾ?" ಹುಡುಗರು ನಕ್ಕರು. ನಾನೂ ನಕ್ಕೆ. ನೀನು ಖಾಲಿ ಡಬ್ಬಿ ಚೀಲಕ್ಕೆ ಹಾಕಿಕೊಂಡು, ಚಹಾ ಅರ್ಧಕ್ಕೆ ಬಿಟ್ಟು ಹೋದೆ.

ಮುಂದಿನದು ಕೇಳು. ಡಿಸೆಂಬರಿನಲ್ಲಿ ಹೊಸ ತೊಗರಿ ಬರತೊಡಗಿತು. ಮೊದಲ ವಾರವೇ ನನ್ನ ಪುಟ ನಿಂತಿತು. ಸರ್ವರ್ ಮತ್ತೆ ಶುರು ಮಾಡುವುದು, ಅದು ಮತ್ತೆ ನಿಲ್ಲುವುದು, ಇದೇ ಆಯಿತು. ಸಂಘದ ಅಧ್ಯಕ್ಷರು ಗುರುಲಿಂಗಯ್ಯನವರು ಫೋನ್ ಮಾಡಿ, "ಮಾಸ್ತರ, ನಿಮ್ಮ ಪುಟ ತೆರಿಯೂದ್ರಾಗ ರೈತರು ಮಾಲು ಮಾರಿ ಮನೀಗಿ ಹೋಗಾಕತ್ಯಾರ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಅವರು ನಗುತ್ತ ಅಂದರು.

ನಿನಗೆ ಫೋನ್ ಮಾಡಬೇಕೆಂದು ನಂಬರು ಒತ್ತಿ, ಕೊನೆಯ ಅಂಕಿಗೆ ಬಂದು ಇಟ್ಟುಬಿಟ್ಟೆ. ಯಾವ ಮುಖ ಇಟ್ಟುಕೊಂಡು ಕೇಳಲಿ? ಆಗ ನೀನು ಇಂಟರ್‌ನೆಟ್ಟಿನ ಚರ್ಚಾಗುಂಪಿನಲ್ಲಿ ಹೊಸಬರ ಪ್ರಶ್ನೆಗಳಿಗೆ ಉತ್ತರ ಕೊಡುವುದು ನೆನಪಾಯಿತು. ಅಲ್ಲಿ ಒಂದು ಹೊಸ ಹೆಸರು ಮಾಡಿಕೊಂಡೆ.

ಸೇಡಂನ ವಿಠ್ಠಲ್ ನಾನೇ, ಮಹೆಕ್.

ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗ ಎಂದು ಬರೆದದ್ದು ನಾನು. ನಿನಗೆ ಗೊತ್ತಾದೀತೆಂದು ತೊಗರಿ ಎನ್ನದೆ ಹತ್ತಿಯ ದರ ಎಂದವನೂ ನಾನೇ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು, ಬೇಕೆಂದೇ ತಪ್ಪು ಮಾಡಿ, ನಿನ್ನನ್ನು "ಅಕ್ಕಾರ" ಎಂದು ಕರೆದೆ. ಐವತ್ತಾರು ವರ್ಷದವನು.

ನೀನು ಆ ಹುಡುಗನಿಗೆ ಎಷ್ಟು ಸಮಾಧಾನದಿಂದ ಕಲಿಸಿದೆ! ದರ ನೋಡುವವರು ಪುಟ ತೆರೆದುಕೊಂಡು ದಿನವಿಡೀ ಕಾಯುತ್ತಾರೆ, ಅಪಾಚಿ ಹಾಗೆ ಕಾಯುವ ಒಬ್ಬೊಬ್ಬರಿಗೂ ಒಬ್ಬೊಬ್ಬ ಆಳನ್ನು ಮೀಸಲಿಡುತ್ತದೆ, ಆಳುಗಳು ಮುಗಿದಾಗ ಹೊಸಬರಿಗೆ ಬಾಗಿಲು ಮುಚ್ಚುತ್ತದೆ ಎಂದು ಬರೆದೆ. ಇವೆಂಟ್ ಲೈಬ್ರರಿಯಲ್ಲಿ ಇರುವವನು ಒಬ್ಬನೇ ಆಳು, ಅವನು ಯಾರೊಬ್ಬರ ಮುಂದೆಯೂ ಕಾಯುತ್ತ ನಿಲ್ಲುವುದಿಲ್ಲ, ಹೊಸ ದರ ಬಂದಾಗ ಎಲ್ಲರಿಗೂ ಮುಟ್ಟಿಸಿ ಮುಂದೆ ಹೋಗುತ್ತಾನೆ ಎಂದೆ. ಅಷ್ಟಕ್ಕೇ ಬಿಡಲಿಲ್ಲ. ಹಾಗಂತ ಅಪಾಚಿಯನ್ನು ಕಿತ್ತು ಹಾಕಬೇಡ, ಉಳಿದ ಪುಟಗಳಿಗೆ ಅದೇ ಒಳ್ಳೆಯದು, ನನಗೆ ಅದನ್ನು ಕಲಿಸಿದವರು ಭಾಳ ಚಲೋ ಮಾಸ್ತರು ಎಂದೂ ಬರೆದೆ. ಆ ಸಾಲು ಓದಿ ನಾನು ಕಂಪ್ಯೂಟರ್ ಆರಿಸಿಬಿಟ್ಟೆ.

ನೀನು ಹೇಳಿದಂತೆ ಮಾಡಿದೆ. ಆದರೂ ಪುಟ ನಡುನಡುವೆ ಎಲ್ಲರಿಗೂ ಒಟ್ಟಿಗೇ ನಿಂತುಬಿಡುತ್ತಿತ್ತು. ಸಿಟ್ಟಿನಿಂದ, ನಿಮ್ಮ ಲೈಬ್ರರಿಯೇ ಸುಳ್ಳು ಅಕ್ಕಾರ ಎಂದು ಬರೆದೆ. ಸಿಟ್ಟು ಮಾತ್ರ ವಿಠ್ಠಲನದಲ್ಲ, ನನ್ನದು. ನೀನು ನನ್ನ ಕೋಡ್ ಕಳಿಸಲು ಹೇಳಿ, ಓದಿ, ತಪ್ಪು ತೋರಿಸಿದೆ. ಹಳೆಯ ದರಗಳನ್ನು ಡೇಟಾಬೇಸಿನಿಂದ ತರುವಾಗ ನಾನು ಆ ಒಬ್ಬನೇ ಆಳನ್ನು ಅಲ್ಲಿಯೇ ಕಾಯಲು ಕೂಡಿಸಿದ್ದೆ. ಅವನು ಕುಳಿತರೆ ಎಲ್ಲರೂ ನಿಂತಂತೆಯೇ. "ಇದು ನಾನೂ ಮಾಡಿದ ತಪ್ಪೇ, ಬೇಜಾರ ಆಗಬ್ಯಾಡ" ಎಂದು ನೀನು ಕೊನೆಗೆ ಸೇರಿಸಿದ್ದೆ. ನಾನು ಯಾವ ಹುಡುಗನಿಗೂ ಹಾಗೆ ಹೇಳಿ ಕಲಿಸಿದ್ದಿಲ್ಲ.

ಪುಟ ನಡೆಯಿತು. ಈಗಲೂ ನಡೆಯುತ್ತಿದೆ. ವಿಠ್ಠಲ್ ಧನ್ಯವಾದ ಹೇಳಿ ಅಲ್ಲಿಗೇ ಮಾಯವಾಗಬೇಕೆಂದಿದ್ದ. ಅಷ್ಟರಲ್ಲಿ ನಿನ್ನ ಮೇಲ್ ಬಂತು.

"ವಿಠ್ಠಲ್, ನಿನ್ನಿಂದ ಒಂದು ಕೆಲಸ ಆಗಬೇಕು. ಶಹಾಬಾದದಾಗ ನಮ್ಮ ಪವಮಾನ ಸರ್ ಅದಾರ. ನನ್ನ ಮ್ಯಾಲ ಸಿಟ್ಟಾಗ್ಯಾರ. ಕಲಿಸಿದವರಿಗೇ ಕಲಿಸ್ತಿ ಏನು ಅಂತ ಅವರು ಅಂದಾಗಿಂದ, ನಾ ಪಾಠ ಮಾಡೂ ಕಾಲೇಜಿನಾಗ ಹುಡುಗರಿಗೆ ಏನರ ಹೇಳೂ ಮುಂದ, ನಂಗೇ ಸರಿ ಗೊತ್ತದೋ ಇಲ್ಲೋ ಅಂತ ನಡುವ ನಿಂತುಬಿಡ್ತೀನಿ. ಜಾಲತಾಣ ಮಾಡೂದೂ ಬಿಟ್ಟೀನಿ. ಒಮ್ಮೆ ಹೋಗಿ ಸರ್ ಹ್ಯಾಂಗದಾರ ನೋಡಿ ಬಾ. ನಾ ಕಳಿಸೀನಿ ಅಂತ ಹೇಳಬ್ಯಾಡ."

ಹಿಂದಿನಿಂದ ಬಂದು ಅನಸೂಯಾಬಾಯಿ ಅದನ್ನು ಓದಿದ್ದು ನನಗೆ ಗೊತ್ತಾಗಲಿಲ್ಲ. ಈ ವಿಠ್ಠಲ್ ಯಾರು ಎಂದು ಕೇಳಿದಳು. ಮದುವೆಯಾಗಿ ಮೂವತ್ತು ವರ್ಷವಾದ ಹೆಂಡತಿಗೆ ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಎಲ್ಲ ಕೇಳಿ, "ಆ ಹುಡುಗಿ ನಿಮ್ಮನ್ನ ನೆನಸಿ ಮರುಗ್ಲಿಕತ್ತಾಳ. ನೀವು ಆಕಿ ಮುಂದ ಸಣ್ಣ ಹುಡುಗನ ವೇಷ ಹಾಕ್ಕೊಂಡು ಕೂತೀರಿ. ನಾಚಿಕಿ ಬರಂಗಿಲ್ಲೇನ್ರಿ?" ಅಂದಳು. ಬರುತ್ತದೆ ಅಂದೆ. "ಬರೇ ಬಂದ್ರ ಏನು ಉಪಯೋಗ?" ಎಂದು ಒಳಗೆ ಹೋದಳು.

ನಿನ್ನ ಮೇಲಿಗೆ ವಿಠ್ಠಲನ ಹೆಸರಿನಲ್ಲಿ ಉತ್ತರ ಕೊಡಲಾಗಲಿಲ್ಲ. ಈಗ ನನ್ನ ಹೆಸರಿನಲ್ಲೇ ಕೊಡುತ್ತಿದ್ದೇನೆ. ನಿನ್ನ ಸರ್‌ಗೆ ನಿನ್ನ ಮೇಲೆ ಸಿಟ್ಟಿಲ್ಲ, ಮಹೆಕ್. ಇದ್ದದ್ದು ಹೆದರಿಕೆ. ನಾನು ಕಲಿಸಿದ್ದು ಮುಗಿಯುವ ಜಾಗದಿಂದ ನೀನು ಮುಂದೆ ನಡೆದುಹೋಗಿದ್ದು ಅವತ್ತು ಒಂದೇ ಮಾತಿನಲ್ಲಿ ಕಾಣಿಸಿತು. ಅದಕ್ಕೆ ಸಂತೋಷಪಡಬೇಕಾದವನು ಹುಡುಗರ ಎದುರಿಗೆ ನಿನ್ನನ್ನು ಸಣ್ಣವಳನ್ನಾಗಿ ಮಾಡಿದೆ. ನೀನು ಹೇಳಿದ್ದು ಸರಿ ಇತ್ತು. ನಿನಗೆ ಸರಿಯಾಗಿಯೇ ಗೊತ್ತಿದೆ. ಕಾಲೇಜಿನಲ್ಲಿ ನಡುವೆ ನಿಲ್ಲಬೇಡ.

ಇನ್ನೊಂದು ವಿಷಯ. ಹೋದ ಭಾನುವಾರ ಸೇಡಂನಲ್ಲಿ ಸಂಘದವರು ಸಭೆ ಮಾಡಿ ನನಗೆ ಶಾಲು ಹೊದಿಸಿದರು. ನಾನು ಎದ್ದು ನಿಂತು, ಇದು ನನ್ನ ಕೆಲಸವಲ್ಲ, ನನ್ನ ಶಿಷ್ಯೆ ಚಿಂಚೋಳಿಯ ಮಹೆಕ್ ಹೇಳಿಕೊಟ್ಟದ್ದು ಎಂದು ಎಲ್ಲರ ಎದುರಿಗೂ ಹೇಳಿದೆ. ಜನ ಚಪ್ಪಾಳೆ ತಟ್ಟಿದರು.

ಅನಸೂಯಾಬಾಯಿ ನಿನ್ನನ್ನು ಕೇಳಿದ್ದಾಳೆ. ಬಂದಾಗ ಮನೆಗೆ ಬಾ. ನನ್ನ ಮೇಲೆ ಸಿಟ್ಟಿದ್ದರೆ ಅವಳಿಗಾಗಿಯಾದರೂ ಬಾ.

ಇತಿ ನಿನ್ನಿಂದ ಕಲಿತವನು,
ಪವಮಾನ

ತಾ.ಕ. ೧೭ನೇ ತಾರೀಖು. ಪತ್ರ ಇನ್ನೂ ಅಂಚೆಗೆ ಹಾಕಿಲ್ಲ, ಜೇಬಿನಲ್ಲೇ ಇತ್ತು. ಸಭೆಯ ಬಗ್ಗೆ ಮೇಲೆ ಬರೆದದ್ದು ಸುಳ್ಳು. ಎದ್ದು ನಿಂತದ್ದು ನಿಜ. ನಿನ್ನ ಹೆಸರು ನಾಲಿಗೆಯ ತುದಿಗೂ ಬಂತು. ಶಾಲು ಸರಿಪಡಿಸಿಕೊಂಡು, ಎಲ್ಲ ರಾಯರ ದಯೆ ಎಂದು ಹೇಳಿ ಕುಳಿತೆ. ಚಪ್ಪಾಳೆ ಬಿದ್ದದ್ದು ಅದಕ್ಕೆ.

ಇವತ್ತು ಸೇಡಂಗೆ ಹೋಗಿದ್ದೆ. ಗುರುಲಿಂಗಯ್ಯನವರು ಮಿಲ್ಲಿನ ಅಂಗಳದಲ್ಲಿ ಲಾರಿ ತುಂಬಿಸುತ್ತಿದ್ದರು. ಹಮಾಲರು, ವ್ಯಾಪಾರಿಗಳು ಎಲ್ಲ ಇದ್ದರು. ಅವರೆಲ್ಲರ ನಡುವೆಯೇ ನಿನ್ನ ಹೆಸರು ಹೇಳಿದೆ, ವಿಠ್ಠಲನ ವಿಷಯವನ್ನೂ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗುರುಲಿಂಗಯ್ಯನವರು ಲಾರಿಯ ಕಡೆಯಿಂದ ನನ್ನತ್ತ ತಿರುಗಿ, "ಇಷ್ಟು ಹೇಳ್ಲಾಕ ಇಷ್ಟು ದಿನಾ ಬೇಕಾತೇನ್ರಿ ಮಾಸ್ತರ?" ಅಂದರು. ಆಮೇಲೆ ನಿನ್ನ ಫೋನ್ ನಂಬರು ಕೇಳಿದರು. ಮುಂದಿನ ಸುಗ್ಗಿಯ ಕೆಲಸ ನಿನಗೇ ಕೊಡಬೇಕೆಂದು ಅವರ ಮನಸ್ಸಿನಲ್ಲಿದೆ. ಇಲ್ಲ ಎನ್ನಬೇಡ.

ಮೇಲಿನ ಸುಳ್ಳನ್ನು ಹೊಡೆದುಹಾಕಿ ಬೇರೆ ಹಾಳೆಯಲ್ಲಿ ಬರೆಯಬಹುದಿತ್ತು. ಬರೆಯಲಿಲ್ಲ. ಕ್ಷಮೆ ಕೇಳುವ ಪತ್ರದಲ್ಲಿಯೂ ನಿನ್ನ ಸರ್ ಸುಳ್ಳು ಹೇಳಿದ್ದರು ಎಂಬುದು ನಿನಗೆ ಗೊತ್ತಿರಲಿ.