ಗಂಟಲ ಕುಳಿಯಿಂದ ಇಪ್ಪತ್ತೊಂದು

ನವೆಂಬರ್ 7, ಶುಕ್ರವಾರ

ಕಾಫಿ, ಮಾತ್ರೆ, ಕಿಟಕಿ. ಎದುರು ಮನೆಯ ಗೋಡೆಯಲ್ಲಿ ಆರು ಕಿಟಕಿ. ಐದು ನಿಜ. ಆರನೆಯದು ಬರೀ ಬಣ್ಣ — ಗೋಡೆ ಎರಡೂ ಕಡೆ ಸಮವಾಗಿ ಕಾಣಲಿ ಅಂತ ಯಾವ ಕಾಲದಲ್ಲೋ ಬರೆಸಿದ್ದು. ಹಸಿರು ಬಾಗಿಲು, ಅದರ ನೆರಳು, ಎಲ್ಲ ಬರೆದಿದ್ದಾರೆ. ಹಾಗಾಗಿ ಮೋಡ ಕವಿದ ದಿನವೂ ಅದೊಂದಕ್ಕೆ ಮಾತ್ರ ಬಿಸಿಲು. ಇವತ್ತೂ ಹಾಗೇ.

ಮೊದಲ ವರ್ಷದವರಿಗೆ ಡ್ರಾಯಿಂಗ್ ಕ್ಲಾಸು. ಪ್ರತಿ ನವೆಂಬರಿನ ಅದೇ ಮಾತು. ಚಾಚಿದ ತೋಳುಗಳ ಉದ್ದವೇ ಆಳಿನ ಎತ್ತರ. ಪಾದ ಎತ್ತರದ ಆರನೇ ಒಂದು ಪಾಲು, ತಲೆ ಎಂಟನೇ ಒಂದು. ನೆತ್ತಿಯಿಂದ ಗಲ್ಲಕ್ಕೆ ಒಂದು ತಲೆ, ಗಲ್ಲದಿಂದ ಮೊಲೆತೊಟ್ಟಿನ ಗೆರೆಗೆ ಇನ್ನೊಂದು, ಅಲ್ಲಿಂದ ಹೊಕ್ಕುಳಿಗೆ ಮತ್ತೊಂದು. ಎರಡನೇ ಗೆರೆ ಎಳೆಯುವಾಗ ಕೈ ತಡೆಯಬಹುದು ಅಂದುಕೊಂಡಿದ್ದೆ. ತಡೆಯಲಿಲ್ಲ. ಏನೂ ಆಗಲಿಲ್ಲ.

ಮಾಡೆಲ್ ಆಗಿ ನಿಂತವಳು ಝೈರಾ. ಅರವತ್ತೆರಡು ಅವಳಿಗೆ, ನಾನು ಈ ಶಾಲೆಗೆ ಸೇರುವ ಮೊದಲಿನಿಂದಲೂ ಇದೇ ಹಲಗೆಯ ಮೇಲೆ ನಿಲ್ಲುತ್ತಿದ್ದಾಳೆ. ಬ್ರೇಕಿನಲ್ಲಿ ಶಾಲು ಹೊದ್ದು ಒಂದೊಂದೇ ಚಿತ್ರ ನೋಡುತ್ತಾ ಬಂದಳು. ಎಲ್ಲರೂ ಅವಳ ಮೊಲೆಗಳನ್ನು ಎರಡನೇ ಗೆರೆಗೇ ಕೂರಿಸಿದ್ದರು. ನಿಜವಾಗಿ ಅವು ಇರುವುದು ಮೂರನೆಯದರ ಹತ್ತಿರ.

"ನೋಡೇ ಓರ್ಸೊಲಾ, ವರ್ಷಾ ವರ್ಷಾ ಪುಕ್ಕಟೆ ಆಪರೇಷನ್ ಮಾಡ್ತಾರೆ ನಂಗೆ! ಹೊಲಿಗೆ ಇಲ್ಲ, ಬ್ಯಾಂಡೇಜಿಲ್ಲ!"

ಎಲ್ಲರೂ ನಕ್ಕರು. ಆಮೇಲೆ ಅವಳಿಗೆ ನನ್ನ ಆಪರೇಷನ್ ನೆನಪಾಗಿ ಮುಖ ಸಣ್ಣದಾಯಿತು. ನಾನೂ ನಕ್ಕೆ. ನಗು ಬಂತೋ, ತರಿಸಿಕೊಂಡೆನೋ.

ನವೆಂಬರ್ 10

ಡಾಕ್ಟರ್ ಬೆಂಚಿನಿ. ಏಪ್ರಿಲ್‌ನಲ್ಲಿ ಗಡ್ಡೆಯ ಜೊತೆಗೆ ಎಡಗಡೆಯ ಮೊಲೆಯನ್ನು ಪೂರ್ತಿ ತೆಗೆದಾಗ ಚರ್ಮದ ಕೆಳಗೆ ಒಂದು ಬಲೂನು ಇಟ್ಟಿದ್ದರು. ಆಗಾಗ ಸೂಜಿಯಲ್ಲಿ ಉಪ್ಪುನೀರು ತುಂಬಿಸಿ ಈಗ ಗುಂಡಗಾಗಿದೆ. ಜನವರಿಯಲ್ಲಿ ಅದನ್ನು ತೆಗೆದು ಕಾಯಂ ಆದದ್ದನ್ನು ಇಡುವುದು. ಅಷ್ಟೇ ಅಂದುಕೊಂಡಿದ್ದೆ.

ನಿಲ್ಲಿಸಿ ಟೇಪು ಹಿಡಿದರು. ಗಂಟಲ ಕುಳಿಯಿಂದ ಎಡಗಡೆ ಮೊಲೆತೊಟ್ಟಿನ ಚುಕ್ಕೆ ಬರಬೇಕಾದಲ್ಲಿಗೆ ಇಪ್ಪತ್ತೊಂದು ಸೆಂಟಿಮೀಟರ್. ಬಲಗಡೆ ಇಪ್ಪತ್ತೈದು.

"ಎಡಗಡೆದು ಕರೆಕ್ಟಾಗಿ ಇಪ್ಪತ್ತೊಂದಕ್ಕೆ ಕೂರುತ್ತೆ. ಐಡಿಯಲ್. ಬಲಗಡೆದು ವಯಸ್ಸಿಗೆ ತಕ್ಕ ಹಾಗೆ ಜಗ್ಗಿದೆ. ಅದನ್ನೂ ಅದೇ ಸಲ ಎತ್ತಿಬಿಡೋಣ. ಜೋಡಿ ಸರಿಹೋಗುತ್ತೆ."

"ಬಲಗಡೆದಕ್ಕೆ ಏನೂ ಆಗಿಲ್ಲವಲ್ಲ ಡಾಕ್ಟರ್."

"ಆಗಿಲ್ಲ, ಆಗಿಲ್ಲ. ಇದು ಬರೀ ಹೊಂದಿಸೋದು. ಗಂಟಲ ಕುಳಿ, ಈ ಚುಕ್ಕೆ, ಆ ಚುಕ್ಕೆ — ಮೂರೂ ಬದಿ ಸಮ ಇರೋ ತ್ರಿಕೋನ. ನಿಮಗೆ ನಾನು ಪಾಠ ಹೇಳಬೇಕಾ ಸಿನ್ಯೋರಾ? ಇದೆಲ್ಲ ನಿಮ್ಮ ಫ್ಲಾರೆನ್ಸಿನವರ ಹುಚ್ಚು. ನಾವು ಬೊಲೋನ್ಯಾದವರಿಗೆ ಹೊಟ್ಟೆಯ ಅಳತೆ ಒಂದೇ ಗೊತ್ತು."

ಸ್ಪರ್ಶ ಹೋಗುತ್ತದೆಯೇ ಅಂತ ಕೇಳಿದೆ.

"ಸ್ವಲ್ಪ ಹೋಗಬಹುದು. ಕೆಲವರಿಗೆ ವಾಪಸ್ ಬರುತ್ತೆ, ಕೆಲವರಿಗೆ ಪೂರ್ತಿ ಬರಲ್ಲ. ಕ್ರಿಸ್‌ಮಸ್ಸಿಗೆ ಮುಂಚೆ ಹೇಳಿ, ಒಂದೇ ಕಡೆನೋ ಎರಡೂ ಕಡೆನೋ."

ಆಯಿತು ಅಂದೆ. ಥ್ಯಾಂಕ್ಸ್ ಅಂದೆ. ಬೆಟ್ಟದ ಮೇಲಿನ ಕಾನ್ವೆಂಟ್ ಶಾಲೆಯಲ್ಲಿ ನನ್‌ಗಳು ಕಲಿಸಿದ್ದು ಹಾಗೆ. ಮೊದಲು ಥ್ಯಾಂಕ್ಸ್, ಯೋಚನೆ ಆಮೇಲೆ.

ನವೆಂಬರ್ 11, ಸಂಜೆ

ದೂಚೊಗೆ ಹೇಳಿದೆ. ಮಾರ್ಕೆಟ್ಟಿನ ಮೀನಂಗಡಿ ಮುಚ್ಚಿ ಬಂದು ಮಧ್ಯಾಹ್ನದ ಊಟ ಮುಗಿಸಿ ಒಂದಿಷ್ಟು ಮಲಗುವ ಹೊತ್ತು. ಬೆಳಗಿನಿಂದ ಐಸಿನಲ್ಲಿ ಆಡಿದ ಕೈ. ಮದುವೆಯಾದ ಹೊಸತರಲ್ಲಿ ಒಮ್ಮೆ ಹಾಗೇ ಮುಟ್ಟಿ, ನಾನು ಕಿರುಚಿ, ಕೆಳಗಿನ ಮನೆಯ ಮುದುಕಿ ಪೊರಕೆ ಹಿಡಿಯಲ್ಲಿ ತನ್ನ ಸೂರು ಕುಟ್ಟಿದ್ದಳು. ಅಂದಿನಿಂದ ರೇಡಿಯೇಟರ್ ಮೇಲೆ ಕೈ ಕಾಯಿಸಿಕೊಂಡೇ ಹತ್ತಿರ ಬರುವುದು.

ಏಪ್ರಿಲ್ ಆದಮೇಲೆ ಆ ಕೈಯನ್ನು ಎಡಗಡೆಯ ಮೇಲೇ ಇಡುತ್ತಾನೆ. ಏನೂ ಬದಲಾಗಿಲ್ಲ ಅಂತ ಹೇಳುವ ಅವನ ರೀತಿ. ನನಗೆ ಅಲ್ಲಿ ಭಾರ ಗೊತ್ತಾಗುತ್ತದೆ, ಕೈ ಗೊತ್ತಾಗುವುದಿಲ್ಲ. ಕಣ್ಣು ಮುಚ್ಚಿಕೊಂಡರೆ ಯಾರೋ ಮೇಜಿನ ಮೇಲೆ ಪುಸ್ತಕ ಇಟ್ಟ ಹಾಗೆ.

"ಬೆಚ್ಚಗಿದೆಯಾ?" ಅಂದ.

"ಹ್ಞೂಂ" ಅಂದೆ. ದಿನಾ ಹ್ಞೂಂ ಅನ್ನುತ್ತೇನೆ. ಅವನಿಗೆ ಬೇಜಾರಾಗದಿರಲಿ ಅಂತಲೋ, ಹೇಳಿದರೆ ಆ ಕೈಯೂ ಬಾರದೇ ಹೋದೀತು ಅಂತಲೋ... ಯಾವುದು ನಿಜ ಅಂತ ಕೇಳಿಕೊಳ್ಳಲೂ ಆಸಕ್ತಿ ಇಲ್ಲ.

ಬಲಗಡೆಯ ವಿಷಯಕ್ಕೆ — "ನಿನ್ನ ಇಷ್ಟ ಕಣೇ. ಎರಡೂ ಒಂದೇ ಥರ ಇದ್ದರೆ ನಿನಗೆ ಸಮಾಧಾನ ಅಂದ್ರೆ ಮಾಡಿಸು. ಮಗ್ಗಿನ ಹಿಡಿಕೆಗಳನ್ನೂ ಒಂದೇ ಕಡೆ ತಿರುಗಿಸಿ ಇಡೋಳು ನೀನು."

ನಿಜ. ಇಡುತ್ತೇನೆ.

ನವೆಂಬರ್ 19

ಕ್ಲಾಸಿನ ಮಕ್ಕಳನ್ನು ಸಾಂತೊ ಸ್ಪಿರಿತೊ ಚರ್ಚಿಗೆ ಕರೆದೊಯ್ದೆ. ಕಂಬದ ಬುಡ, ಎತ್ತರ ಅಳೆಸಿದೆ. ಕಂಬ ಅಂದರೆ ನಿಂತ ಮನುಷ್ಯ — ಪಾದ, ಮೈ, ತಲೆ. ಗಂಡಿನ ಅಳತೆಗೆ ದಪ್ಪ ಕಂಬ, ಹೆಣ್ಣಿನ ಅಳತೆಗೆ ಸಪೂರ. ಚರ್ಚಿನ ನಕ್ಷೆ ತೋಳು ಚಾಚಿ ಮಲಗಿದ ಮೈ. ಎಡ ಹೇಗೋ ಬಲ ಹಾಗೆ. ಎಲ್ಲ ಹೇಳಿದೆ, ಒಂದೂ ತಪ್ಪದೆ.

ಮೊದಲೆಲ್ಲ ಆ ಸಾಲುಗಳ ನಡುವೆ ನಿಂತರೆ ಉಸಿರು ತಾನಾಗಿ ನಿಧಾನವಾಗುತ್ತಿತ್ತು. ಇವತ್ತು ಕಲ್ಲು ಕಂಡಿತು. ಒಳ್ಳೆಯ ಕಲ್ಲು.

ಸಿಬಿಲ್ಲಾ ಅಂತ ಒಬ್ಬ ಹುಡುಗಿ, ಯಾವಾಗಲೂ ಹಿಂದೆ ಕೂರುವವಳು. ಟೇಪು ಬಿಟ್ಟು ಕಂಬವನ್ನೇ ತಬ್ಬಿಕೊಂಡಳು. "ಅಯ್ಯೋ, ಎಷ್ಟು ತಣ್ಣಗಿದೆ ಪ್ರೊಫ್!"

ಅಳತೆ ಬರೆದುಕೋ ಅಂದೆ.

ಡಿಸೆಂಬರ್ 2

ಒಂದು ಸಣ್ಣ ಸಂಗತಿ. ಸಿಬಿಲ್ಲಾ ಝೈರಾಳನ್ನು ಇದ್ದ ಹಾಗೇ ಬರೆದಿದ್ದಳು. ನಾನು ಅವಳ ಹಿಂದೆ ನಿಂತೆ, ಕೆಂಪು ಚಾಕ್ ತೆಗೆದೆ, ಎರಡನೇ ತಲೆಯ ಗೆರೆಯ ಮೇಲೆ ಎರಡು ಗುರುತು ಹಾಕಿದೆ. ಯೋಚನೆಯೇ ಇಲ್ಲ. ವರ್ಷಗಟ್ಟಲೆ ಮಾಡಿದ ಕೈ.

"ಅಲ್ಲಿ ಏನೂ ಇಲ್ಲವಲ್ಲ ಪ್ರೊಫ್."

"ಎಲ್ಲಿ?"

"ನೀವು ಗುರುತು ಹಾಕಿದ್ರಲ್ಲ, ಅಲ್ಲಿ. ಬರೀ ಪಕ್ಕೆಲುಬು ಕಾಣುತ್ತೆ ಇಲ್ಲಿಂದ."

ಹಲಗೆಯ ಮೇಲಿಂದ ಝೈರಾ, ಕತ್ತು ಅಲ್ಲಾಡಿಸದೆ: "ನನ್ನ ಸಾಮಾನು ನಾನು ಇಟ್ಟ ಕಡೆನೇ ಇದೆ. ನೀವೇನು ಹುಡುಕ್ತಿದೀರಿ?"

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಬ್ರೆಡ್ಡಿನ ತಿರುಳು ಉಂಡೆ ಮಾಡಿ ಗುರುತು ಅಳಿಸಲು ಉಜ್ಜಿದೆ. ಇದ್ದಿಲು ಹೋಗುತ್ತದೆ, ಕೆಂಪು ಪೂರ್ತಿ ಹೋಗುವುದಿಲ್ಲ. ಹುಡುಗಿಗೆ ಸಾರಿ ಅಂದೆ. ನೀನು ಕಂಡದ್ದೇ ಸರಿ ಅಂತಲೂ ಹೇಳಬೇಕಿತ್ತು. ಗಂಟೆ ಹೊಡೆಯಿತು.

ಡಿಸೆಂಬರ್ 3

ಝೈರಾ ಬಿಡಲಿಲ್ಲ. ಮೂಲೆಯ ಕಾಫಿ ಬಾರಿಗೆ ಎಳೆದೊಯ್ದು ಕಾಫಿ, ಬನ್ನು ಕೊಡಿಸಿದಳು. ಹೇಳಿದೆ — ಇಪ್ಪತ್ತೊಂದು, ಇಪ್ಪತ್ತೈದು, ಜನವರಿ.

"ಇಪ್ಪತ್ತೈದಾ! ನನ್ನದು ಅಳೆಯೋಕೆ ಹೋದ್ರೆ ನಿನ್ನ ಡಾಕ್ಟರ್ ಮಂಡಿಯೂರಬೇಕು." ಬಾರಿನ ಹುಡುಗ ತಿರುಗಿ ನೋಡಿದ. ಅವಳಿಗೇನೂ ಇಲ್ಲ. "ನಿನ್ನ ಗಂಡ ಏನಂತಾನೆ?"

"ನನ್ನ ಇಷ್ಟ ಅಂತಾನೆ."

"ಥೂ, ಈ ಒಳ್ಳೆ ಗಂಡಸರ ಸಹವಾಸ. ಸರಿ, ಏನು ನಿನ್ನ ಇಷ್ಟ?"

"ಸರಿಯಾಗಿ ಕಾಣಬೇಕು ಅನ್ಸುತ್ತೆ."

"ಯಾರಿಗೆ?"

ಕನ್ನಡಿಗೆ ಅನ್ನಬಹುದಿತ್ತು. ಆದರೆ ಏಪ್ರಿಲ್‌ನಿಂದ ಕನ್ನಡಿಯ ಮುಂದೆ ನಿಂತೇ ಇಲ್ಲ. ನೋಡುವವಳೇ ಇಲ್ಲದ ಮೇಲೆ ಯಾರಿಗಾಗಿ ಜೋಡಿ?

ಝೈರಾ ನನ್ನ ಬನ್ನನ್ನೂ ತಿಂದಳು.

ಡಿಸೆಂಬರ್ 12

ಇವತ್ತು ನಿಂತೆ. ಬಚ್ಚಲಿನ ಕನ್ನಡಿ, ಲೈಟು ಹಾಕಿ. ಎಡಗಡೆಯದು ನಿಜಕ್ಕೂ ಚೆನ್ನಾಗಿದೆ. ಪರೀಕ್ಷೆಯಲ್ಲಿ ಯಾರಾದರೂ ಹಾಗೆ ಬರೆದರೆ ಪೂರ್ತಿ ಮಾರ್ಕ್ಸ್ ಕೊಡುತ್ತೇನೆ. ಬಲಗಡೆಯದು ತನ್ನಷ್ಟಕ್ಕೆ ಕೆಳಗೆ ನೋಡುತ್ತಿದೆ.

ಚೀಲದಿಂದ ಕೈವಾರ ತಂದೆ. ಮೊನೆಯನ್ನು ಎಡಗಡೆ ಮೆಲ್ಲಗೆ ಒತ್ತಿದೆ. ಚರ್ಮ ತಗ್ಗಾದದ್ದು ಕಂಡಿತು. ಅಷ್ಟೇ, ಕಂಡಿತು. ಬಲಗಡೆ ಒತ್ತುವ ಮೊದಲೇ ಮೈ ಹಿಂದೆ ಸರಿಯಿತು.

ಎಷ್ಟೋ ಹೊತ್ತು ಕೈವಾರ ಹಿಡಿದು ನಿಂತಿದ್ದೆ. ಅಳು ಬರುತ್ತದೇನೋ ಅಂತ ಕಾದೆ.

ಡಿಸೆಂಬರ್ 18

ಎದುರು ಮನೆಗೆ ಬಣ್ಣದವನು ಬಂದಿದ್ದಾನೆ. ಬೆಳಗಿನಿಂದ ಸುಳ್ಳು ಕಿಟಕಿಗೇ ಏಣಿ. ಕಾಫಿ ಬೇಕಾ ಅಂತ ಕಿಟಕಿಯಿಂದಲೇ ಕೂಗಿ ಕೇಳಿದೆ.

"ಬೇಡ ಸಿನ್ಯೋರಾ! ಇದೊಂದಕ್ಕೇ ಎರಡು ದಿನ ಹಿಡಿಯುತ್ತೆ. ನಿಜವಾದವಕ್ಕೆ ಯಾರೂ ಇಷ್ಟು ಮರ್ಯಾದೆ ಕೊಡಲ್ಲ!"

ಅವನ ಪಕ್ಕದ ನಿಜವಾದ ಕಿಟಕಿಯಿಂದ ಒಂದು ಕೈ ಬಂದು ಚಾದರ ಕೊಡವಿತು. ಧೂಳೆಲ್ಲ ಹಸಿ ಬಣ್ಣದ ಮೇಲೆ. ಬೈಗುಳ ಶುರುವಾಯಿತು.

ಕ್ಲಿನಿಕ್‌ನಿಂದ ಫೋನು. ಸೋಮವಾರ ಬೆಳಿಗ್ಗೆ ಹೇಳಲೇಬೇಕಂತೆ. ಎರಡೂ ಕಡೆ ಅಂತ ನಾಲಿಗೆಯ ತುದಿಗೆ ಬಂದಿತ್ತು. ಹೇಳಲು ಸುಲಭ ಅಂತ. ಸೋಮವಾರ ಹೇಳುತ್ತೇನೆ ಅಂದೆ, ಥ್ಯಾಂಕ್ಸ್ ಅಂದೆ.

ಡಿಸೆಂಬರ್ 20, ಶನಿವಾರ

ಹಬ್ಬದ ಮೀನಿನ ಗಿರಾಕಿ. ದೂಚೊ ಮೂರು ಗಂಟೆಗೆ ಬಂದ, ಕೈ ಏಡಿಯಷ್ಟು ಕೆಂಪಗೆ. ಸೂಪು ಕುಡಿದ. ರೇಡಿಯೇಟರ್ ಕಡೆ ಹೋದ.

"ಬೇಡ, ಹಾಗೇ ಬಾ" ಅಂದೆ.

"ಹುಚ್ಚಾ? ಐಸ್ ಆಗಿದೆ ಕೈ."

"ಗೊತ್ತು."

ಕೈ ಹಿಡಿದು ನಾನೇ ಬಲಗಡೆ ಇಟ್ಟುಕೊಂಡೆ. ಕಿರುಚಿದೆ. ಬಾಯಿಂದ ತಾನಾಗಿ ಬಂತು, ಅಷ್ಟು ಜೋರಾಗಿ. ಕೆಳಗಿನಿಂದ ಪೊರಕೆ ಹಿಡಿ — ಧಡ್ ಧಡ್ ಧಡ್. ಮುದುಕಿ ಇನ್ನೂ ಗಟ್ಟಿ ಇದ್ದಾಳೆ. ದೂಚೊ ಕೈ ಎಳೆದುಕೊಳ್ಳಲು ನೋಡಿದ. ಬಿಡಲಿಲ್ಲ.

ಆಮೇಲೆ ಹೇಳಿದೆ. "ಎಡಗಡೆ ನಂಗೆ ಏನೂ ಗೊತ್ತಾಗಲ್ಲ ದೂಚೊ."

"ಏನೂ?"

"ಏನೂ."

ರೇಡಿಯೇಟರ್ ಕಡೆ ನೋಡಿದ. "ಮತ್ತೆ ನಾನು ಇಷ್ಟು ದಿನ ದಿನಾ ಕೈ ಸುಟ್ಕೊಂಡಿದ್ದು?"

ಅವನ ಕಣ್ಣಲ್ಲಿ ನೀರು ನಿಂತಿತ್ತು. ನನಗೆ ಈಗಲೂ ಬರಲಿಲ್ಲ. ಆದರೆ ಅವನ ಬೆರಳು ಒಂದೊಂದಾಗಿ ಬೆಚ್ಚಗಾಗುವುದು ಗೊತ್ತಾಗುತ್ತಿತ್ತು. ಮೊದಲು ಹೆಬ್ಬೆರಳು. ಕಿರುಬೆರಳು ಕೊನೆಗೆ.

ಡಿಸೆಂಬರ್ 22, ಬೆಳಿಗ್ಗೆ

ಕಾಫಿ, ಮಾತ್ರೆ. ಕ್ಲಿನಿಕ್ ಲೈನು ಬ್ಯುಸಿ. ಹೋಲ್ಡಿನಲ್ಲಿ ಇಟ್ಟಿದ್ದಾರೆ, ಫೋನು ಹೆಗಲಿಗೆ ಒತ್ತಿಕೊಂಡು ಬರೆಯುತ್ತಿದ್ದೇನೆ. ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ, ಥ್ಯಾಂಕ್ಸ್‌ನಿಂದ ಶುರು ಮಾಡಬಾರದು ಅಂತ. ಎಡಗಡೆ ಮಾತ್ರ. ಬಲಗಡೆದು ಇಪ್ಪತ್ತೈದರಲ್ಲೇ ಇರಲಿ, ಮುಂದೆ ಇಪ್ಪತ್ತಾರಾದರೂ ಆಗಲಿ, ಅದನ್ನು ಮಾತ್ರ ಯಾರೂ

ಫೋನು ಎತ್ತಿದರು —